ಕಿಡಿ ಹೊತ್ತುವ ಗಳಿಗೆ

ಪೆಟ್ರೋಲ್ ಎಂಜಿನ್ನಿನಲ್ಲಿ ಕಿಡಿ ಹಾರುವುದು ಪಿಸ್ಟನ್ ಮೇಲ್ತುದಿ ಮುಟ್ಟಿದ ಮೇಲಲ್ಲ, ಮುಟ್ಟುವುದಕ್ಕೆ ತುಸು ಮೊದಲು. ಪೆಟ್ರೋಲು ಬೆರೆತ ಗಾಳಿ ಸಿಡಿಮದ್ದಿನಂತೆ ಒಮ್ಮೆಗೇ ಸಿಡಿಯುವುದಿಲ್ಲ. ಒಣಹುಲ್ಲಿಗೆ ಬಿದ್ದ ಬೆಂಕಿಯಂತೆ ಪ್ಲಗ್ಗಿನ ತುದಿಯಿಂದ ಹೊರಟು ಸಿಲಿಂಡರಿನ ಉದ್ದಗಲಕ್ಕೂ ಹಬ್ಬುತ್ತದೆ. ಹಬ್ಬುವುದಕ್ಕೆ ಹೊತ್ತು ಬೇಕು. ಪಿಸ್ಟನ್ ಮೇಲ್ತುದಿ ದಾಟಿ ಕ್ರ್ಯಾಂಕು ಸುಮಾರು 15 ಡಿಗ್ರಿ ತಿರುಗುವ ಹೊತ್ತಿಗೆ ಒತ್ತಡ ತುತ್ತತುದಿಗೆ ಏರಿದರೆ ಆ ಬೆಂಕಿಯ ತಳ್ಳು ಪೂರ್ತಿ ದಕ್ಕುತ್ತದೆ. ಬೆಂಕಿ ಹಬ್ಬಲು ಸೆಕೆಂಡಿನ ಸಾವಿರದ ಎರಡು ಪಾಲು ಸಾಕೆಂದುಕೊಂಡರೂ, ನಿಮಿಷಕ್ಕೆ 600 ಸುತ್ತು ತಿರುಗುವ ಎಂಜಿನ್ನಿನ ಕ್ರ್ಯಾಂಕು ಅಷ್ಟರಲ್ಲಿ 7 ಡಿಗ್ರಿ ಸರಿದಿರುತ್ತದೆ. 3,000 ಸುತ್ತಿನದಾದರೆ 36 ಡಿಗ್ರಿ. ವೇಗ ಏರಿದಂತೆ ಒಳಗಿನ ಸುಳಿಗಾಳಿ ಬೆಂಕಿಯನ್ನು ಬೇಗ ಹಬ್ಬಿಸುವುದರಿಂದ ನಿಜವಾದ ಲೆಕ್ಕ ಇಷ್ಟು ಕಡಿದಲ್ಲ. ಆದರೂ ವೇಗ ಹೆಚ್ಚಿದಷ್ಟೂ ಕಿಡಿ ಮುಂಚೆ ಹಾರಬೇಕು ಎಂಬುದು ತಪ್ಪದು. ಹೀಗೆ ಮುಂದೆ ತರುವುದಕ್ಕೆ ಗ್ಯಾರೇಜಿನಲ್ಲಿ ಅಡ್ವಾನ್ಸ್ ಎನ್ನುತ್ತಾರೆ, ಹಿಂದೆ ಸರಿಸುವುದಕ್ಕೆ ರಿಟಾರ್ಡ್. ಮೊದಲ ಎಂಜಿನ್ನುಗಳಿಗೆ ಇವೆರಡೂ ಇರಲಿಲ್ಲ.

1860ರಲ್ಲಿ ಲೆನ್ವಾರ್ ಎಂಬ ಸಂಶೋಧಕ ತನ್ನ ಗ್ಯಾಸ್ ಎಂಜಿನ್ನಿಗೆ ವಿದ್ಯುತ್ ಕಿಡಿಯನ್ನೇ ಬಳಸಿದ್ದ. ಆದರೆ ಒಟೋ ಎಂಬ ಇನ್ನೊಬ್ಬ ಸಂಶೋಧಕನ 1876ರ ನಾಲ್ಕು ಸ್ಟ್ರೋಕಿನ ಎಂಜಿನ್ ಹೊತ್ತಿಕೊಳ್ಳುತ್ತಿದ್ದುದು ಹೊರಗೆ ಉರಿಯುವ ಪುಟ್ಟ ಜ್ವಾಲೆಯಿಂದ. ಸರಿಯುವ ಬಾಗಿಲಿನಂಥ ವಾಲ್ವೊಂದು ಆ ಜ್ವಾಲೆಯನ್ನು ಹೊತ್ತು ಒಳಗೆ ಮುಟ್ಟಿಸುತ್ತಿತ್ತು. ಡೈಮ್ಲರ್ ಎಂಬ ಎಂಜಿನಿಯರ್ 1880ರ ದಶಕದಲ್ಲಿ ಹಿಡಿದದ್ದು ಕಾದ ಕೊಳವೆಯ ದಾರಿ. ಸಿಲಿಂಡರಿಗೆ ಚುಚ್ಚಿದ ಸಣ್ಣ ಕೊಳವೆಯನ್ನು ಹೊರಗಿನಿಂದ ಬರ್ನರ್ ಇಟ್ಟು ಕೆಂಪಗೆ ಕಾಯಿಸಿದರೆ, ಪಿಸ್ಟನ್ ಮೇಲೇರುವಾಗ ಒತ್ತಿದ ಮಿಶ್ರಣ ಕೊಳವೆಯೊಳಗೆ ನುಗ್ಗಿ ಕಾದ ಜಾಗ ಮುಟ್ಟಿ ಹೊತ್ತಿಕೊಳ್ಳುತ್ತಿತ್ತು. ಹೊತ್ತಿಕೊಳ್ಳುವ ಗಳಿಗೆಯನ್ನು ನಿರ್ಧರಿಸುತ್ತಿದ್ದುದು ಕೊಳವೆಯ ಉದ್ದ, ಬರ್ನರ್ ಇಟ್ಟ ಎತ್ತರ, ಅಂದಿನ ಬಿಸಿ. ಗಾಳಿ ಬೀಸಿ ಬರ್ನರ್ ಆರಿದರೆ ಗಾಡಿ ನಿಂತಲ್ಲೇ ನಿಂತಿತು. ಅದೇ ಕಾಲಕ್ಕೆ, 1886ರ ಮೂರು ಚಕ್ರದ ಗಾಡಿಯಲ್ಲಿ ಕಾರ್ಲ್ ಬೆಂಜ್ ಬ್ಯಾಟರಿ, ಕಾಯಿಲ್ ಮತ್ತು ಪ್ಲಗ್ಗನ್ನು ನಂಬಿದ. ಅವನ ಬ್ಯಾಟರಿ ಬೇಗ ಸೋಲುತ್ತಿತ್ತು, ದಾರಿಯಲ್ಲಿ ಚಾರ್ಜ್ ಮಾಡುವ ಉಪಾಯವೂ ಇರಲಿಲ್ಲ. ಆದರೂ ಮುಂದೆ ಉಳಿದದ್ದು ಅವನ ದಾರಿಯೇ, ಏಕೆಂದರೆ ಕಿಡಿಯನ್ನು ಹಿಂದೆ ಮುಂದೆ ಸರಿಸಬಹುದು, ಕಾದ ಕೊಳವೆಯನ್ನು ಸರಿಸಲಾಗದು.

ಹೀಗೆ ಕಿಡಿ ಸರಿಸುವುದು ಬೇಕೇ ಬೇಕು ಎನ್ನುವಂತೆ ಮಾಡಿದ್ದು ವೇಗ. ಬೆಂಜ್ ಎಂಜಿನ್ನು ನಿಮಿಷಕ್ಕೆ ಸುಮಾರು 400 ಸುತ್ತು ತಿರುಗಿದರೆ, 1895ರ ಫ್ರಾನ್ಸಿನ ಡಿ ದಿಯೋಂ-ಬೂತೋಂ ಎಂಜಿನ್ನು 1,500ನ್ನೂ ಮೀರುತ್ತಿತ್ತು. ಅದರ ಕಿಡಿ ಹಾರಿಸುತ್ತಿದ್ದುದು ಕ್ಯಾಮ್ ತಾಗಿ ತೆರೆದು ಮುಚ್ಚುವ ಲೋಹದ ಪಾಯಿಂಟುಗಳು. ಆ ಪಾಯಿಂಟುಗಳ ತಟ್ಟೆಯನ್ನು ಸವಾರ ಲಿವರಿನಿಂದ ತಿರುಗಿಸಬಹುದಿತ್ತು. ಇಂಥದೇ ಎಂಜಿನ್ನಿನ ಗಾಡಿಯ ಮೇಲೆ 1897ರಲ್ಲಿ ಸ್ಟುಟ್‌ಗಾರ್ಟಿನ ರಾಬರ್ಟ್ ಬಾಷ್ ತನ್ನ ವರ್ಕ್‌ಶಾಪಿನ ಮ್ಯಾಗ್ನೆಟೋ ಕೂರಿಸಿ ನೋಡಿದ. ಅದು ಬ್ಯಾಟರಿಯ ಹಂಗಿಲ್ಲದೆ ಎಂಜಿನ್ನಿನ ಚಲನೆಯಿಂದಲೇ ವಿದ್ಯುತ್ ಹುಟ್ಟಿಸುತ್ತಿತ್ತು. 1902ರಲ್ಲಿ ಅವನ ಬಳಿ ಕೆಲಸಕ್ಕಿದ್ದ ಗಾಟ್ಲೋಬ್ ಹೊನೋಲ್ಡ್ ಹೆಚ್ಚು ವೋಲ್ಟೇಜಿನ ಮ್ಯಾಗ್ನೆಟೋವನ್ನೂ ಅದಕ್ಕೆ ಹೊಂದುವ ಪ್ಲಗ್ಗನ್ನೂ ರೂಪಿಸಿದ ಮೇಲೆ ಯುರೋಪಿನ ಕಾರು, ವಿಮಾನಗಳು ಬಹುಪಾಲು ಅದನ್ನೇ ನೆಚ್ಚಿದವು. ಎಷ್ಟು ನೆಚ್ಚಿದ್ದವೆಂದರೆ, 1914ರಲ್ಲಿ ಜರ್ಮನಿಯ ಮೇಲೆ ಯುದ್ಧಕ್ಕಿಳಿದ ಬ್ರಿಟನ್ನಿಗೆ ತನ್ನ ವಿಮಾನಗಳ ಕಿಡಿ ಶತ್ರುವಿನ ಕಾರ್ಖಾನೆಯಿಂದ ಬರಬೇಕಿತ್ತೆಂಬುದು ಆಗಷ್ಟೇ ಪೂರ್ತಿ ಅರಿವಾಯಿತು.

ಈ ಕಾಲದುದ್ದಕ್ಕೂ ಟೈಮಿಂಗ್ ಚಾಲಕನ ಕೈಯ ಕೆಲಸ. ಸ್ಟೀರಿಂಗಿನ ಬಳಿ ಎರಡು ಪುಟ್ಟ ಲಿವರುಗಳು, ಒಂದು ಪೆಟ್ರೋಲಿಗೆ, ಇನ್ನೊಂದು ಕಿಡಿಗೆ. 1908ರಿಂದ 1927ರವರೆಗೆ ಒಂದೂವರೆ ಕೋಟಿಯಷ್ಟು ತಯಾರಾದ ಫೋರ್ಡ್ ಮಾಡೆಲ್ ಟಿಯಲ್ಲಿ ಎಡಗಡೆಯದು ಕಿಡಿಯ ಲಿವರು. ಮೇಲಕ್ಕಿದ್ದರೆ ರಿಟಾರ್ಡ್, ಕೆಳಕ್ಕೆ ಎಳೆದರೆ ಅಡ್ವಾನ್ಸ್. ಸ್ಟಾರ್ಟ್ ಮಾಡುವಾಗ ಮೇಲಕ್ಕಿಟ್ಟು, ಎಂಜಿನ್ ಹಿಡಿದ ಮೇಲೆ ಮೆಲ್ಲಗೆ ಇಳಿಸಿ, ಏರಿನಲ್ಲಿ ಎಂಜಿನ್ ಏದುಸಿರು ಬಿಟ್ಟರೆ ತುಸು ಮೇಲೆತ್ತಬೇಕು. ಇದೆಲ್ಲ ಕಿವಿಯಿಂದ ಕಲಿಯಬೇಕಾದ ವಿದ್ಯೆ. ಆಗಿನ ಒಳ್ಳೆಯ ಡ್ರೈವರ್ ಅರ್ಧ ಮೆಕ್ಯಾನಿಕ್ ಆಗಿರುತ್ತಿದ್ದುದಕ್ಕೆ ಇದೂ ಒಂದು ಕಾರಣ.

ಲಿವರ್ ಮೇಲಕ್ಕಿಡಲು ಮರೆತರೆ ತೆರುತ್ತಿದ್ದ ಬೆಲೆ ಮಾತ್ರ ಸಣ್ಣದಲ್ಲ. ಕೈಯಿಂದ ಹ್ಯಾಂಡಲ್ ತಿರುಗಿಸುವಾಗ ಎಂಜಿನ್ ನಿಧಾನ; ಕಿಡಿ ಮುಂಚೆಯೇ ಹಾರಿದರೆ ಇನ್ನೂ ಮೇಲೇರುತ್ತಿರುವ ಪಿಸ್ಟನ್ನನ್ನು ಬೆಂಕಿ ಕೆಳಕ್ಕೆ ತಳ್ಳಿ, ಹ್ಯಾಂಡಲ್ ಹಿಂದಕ್ಕೆ ಒದೆಯುತ್ತದೆ. ಮುಂಗೈ ಮೂಳೆ ಮಣಿಕಟ್ಟಿನ ಬಳಿ ಮುರಿಯುವ ಒಂದು ಬಗೆಗೆ ವೈದ್ಯರು ಇಂದಿಗೂ ‘ಶೋಫರ್ ಫ್ರ್ಯಾಕ್ಚರ್’ ಎನ್ನುವುದು ಆ ಕಾಲದ ಕುರುಹು. ಹ್ಯಾಂಡಲ್ಲನ್ನು ಹೆಬ್ಬೆರಳು ಸುತ್ತಿ ಹಿಡಿಯಬಾರದು, ಹೆಬ್ಬೆರಳೂ ಉಳಿದ ಬೆರಳುಗಳ ಕಡೆಗೇ ಇರಬೇಕು, ಕೆಳಗಿನಿಂದ ಮೇಲಕ್ಕೆ ಎಳೆಯಬೇಕೇ ಹೊರತು ಮೇಲಿನಿಂದ ಒತ್ತಬಾರದು ಎಂಬ ಪಾಠ ಹುಟ್ಟಿದ್ದು ಹೀಗೆ ಮುರಿದ ಕೈಗಳಿಂದ.

ಚಾಲಕನ ಕೈಯಿಂದ ಈ ಕೆಲಸ ಬಿಡಿಸಿದ್ದು ಅಮೆರಿಕದ ಡೇಟನ್ ಊರು. ಅಲ್ಲಿನ ಚಾರ್ಲ್ಸ್ ಕೆಟರಿಂಗ್ 1910ರ ಕ್ಯಾಡಿಲ್ಯಾಕ್ ಕಾರುಗಳಿಗಾಗಿ ಬ್ಯಾಟರಿ, ಕಾಯಿಲ್, ಪಾಯಿಂಟುಗಳ ಹೊಸ ವ್ಯವಸ್ಥೆ ಕೊಟ್ಟ. 1912ರ ಮಾದರಿಗೆ ಸೆಲ್ಫ್ ಸ್ಟಾರ್ಟರ್ ಕೊಟ್ಟು ಹ್ಯಾಂಡಲ್ಲಿನ ಒದೆತವನ್ನೇ ತಪ್ಪಿಸಿದ. ಅವನ ಕಂಪನಿಯ ಹೆಸರಿನ ಮೊದಲಕ್ಷರಗಳೇ ಡೆಲ್ಕೋ. ಕಂಪನಿಯ ಹೆಸರು ವಸ್ತುವಿನ ಹೆಸರಾಗಿ, ಪ್ಲಗ್ಗುಗಳಿಗೆ ಕಿಡಿ ಹಂಚುವ ಡಬ್ಬಿಯಾದ ಡಿಸ್ಟ್ರಿಬ್ಯೂಟರಿಗೆ ಫ್ರೆಂಚರೂ ಸ್ಪೇನಿನವರೂ ಡೆಲ್ಕೋ ಎಂದೇ ಕರೆದರು. ಭಾರತದ ಎಷ್ಟೋ ಗ್ಯಾರೇಜುಗಳಲ್ಲೂ ಅದು ಡೆಲ್ಕೋ. ಲ್ಯೂಕಸ್ ಕಂಪನಿ ಮಾಡಿದರೂ ಡೆಲ್ಕೋ!

ಆ ಡಬ್ಬಿಯೊಳಗೆ ಕ್ರ್ಯಾಂಕಿನ ಅರ್ಧ ವೇಗದಲ್ಲಿ ತಿರುಗುವ ಕ್ಯಾಮು ಪಾಯಿಂಟುಗಳನ್ನು ತೆರೆಯುತ್ತದೆ. ತೆರೆದ ಕ್ಷಣವೇ ಕಾಯಿಲ್ಲಿನಲ್ಲಿ ಹೆಚ್ಚು ವೋಲ್ಟೇಜು ಹುಟ್ಟಿ ಕಿಡಿ ಹಾರುವ ಕ್ಷಣ. ಕ್ಯಾಮಿನ ಕೆಳಗೆ ಸ್ಪ್ರಿಂಗ್ ಕಟ್ಟಿದ ಎರಡು ತೂಕದ ತುಂಡುಗಳು ಇರುತ್ತವೆ. ವೇಗ ಏರಿದಾಗ ಅವು ಹೊರಕ್ಕೆ ಚಾಚಿ ಕ್ಯಾಮನ್ನು ತುಸು ಮುಂದಕ್ಕೆ ತಿರುಗಿಸುತ್ತವೆ. ಡ್ರೈವರ್ ಲಿವರಿನಿಂದ ಮಾಡುತ್ತಿದ್ದ ಕೆಲಸವೇ ಇದು. 1930ರ ದಶಕದಲ್ಲಿ ಇದರ ಜೊತೆಗೆ ಡಬ್ಬಿಯ ಪಕ್ಕಕ್ಕೆ ವ್ಯಾಕ್ಯೂಮ್ ತಟ್ಟೆಯೊಂದು ಅಂಟಿಕೊಂಡಿತು. ಆಕ್ಸಿಲರೇಟರ್ ಅರೆ ಒತ್ತಿ ಹಾಯಾಗಿ ಓಡುವಾಗ ಸಿಲಿಂಡರಿಗೆ ಹೋಗುವ ಮಿಶ್ರಣ ತೆಳು, ತೆಳು ಮಿಶ್ರಣ ಉರಿಯುವುದು ನಿಧಾನ. ಆಗ ಕಾರ್ಬ್ಯುರೇಟರಿನ ಕಡೆಯ ಎಳೆತ ಈ ತಟ್ಟೆಯನ್ನು ಜಗ್ಗಿ ಕಿಡಿಯನ್ನು ಇನ್ನಷ್ಟು ಮುಂದೆ ತರುತ್ತದೆ. ಲಿವರು ಸ್ಟೀರಿಂಗಿನಿಂದ ಮಾಯವಾಯಿತು. ಉಳಿದದ್ದು ಒಂದೇ ಕೆಲಸ, ಇದೆಲ್ಲ ಶುರುವಾಗುವ ಜಾಗವನ್ನು ಗೊತ್ತುಮಾಡುವುದು. ಅದು ಗ್ಯಾರೇಜಿನ ಪಾಲಿಗೆ ಬಂತು.

ಆ ಜಾಗ ಎಲ್ಲಿರಬೇಕೆಂಬುದನ್ನು ಪೆಟ್ರೋಲೂ ನಿರ್ಧರಿಸುತ್ತದೆ. ಕಿಡಿ ತೀರ ಮುಂಚೆ ಹಾರಿದರೆ, ಬೆಂಕಿ ಇನ್ನೂ ಮುಟ್ಟದ ಮೂಲೆಯ ಮಿಶ್ರಣ ಒತ್ತಡಕ್ಕೆ ತಾನಾಗಿ ಸಿಡಿದು ತಗಡಿನ ಡಬ್ಬಿಯಲ್ಲಿ ಗೋಲಿ ಅಲ್ಲಾಡಿಸಿದಂಥ ಸದ್ದು ಬರುತ್ತದೆ. ಇದೇ ನಾಕಿಂಗ್, ಬಿಡದೆ ನಡೆದರೆ ಪಿಸ್ಟನ್ನಿಗೆ ತೂತು. ಕ್ಯಾಡಿಲ್ಯಾಕಿನಲ್ಲಿ ಈ ಸದ್ದು ಬಂದಾಗ ಕೆಟರಿಂಗನ ಬ್ಯಾಟರಿ ಕಿಡಿಯ ಮೇಲೆಯೇ ದೂರು ಬಂತು. ದೋಷ ಇಂಧನದ್ದೆಂದು ತೋರಿಸಲು ಹೊರಟ ಅವನ ಸಹಾಯಕ ಥಾಮಸ್ ಮಿಜ್ಲಿ 1921ರ ಡಿಸೆಂಬರಿನಲ್ಲಿ ಸೀಸದ ಸಂಯುಕ್ತವೊಂದನ್ನು ಬೆರೆಸಿ ಸದ್ದಡಗಿಸಿದ. 1923ರಲ್ಲಿ ಸೀಸದ ಪೆಟ್ರೋಲ್ ಡೇಟನ್ನಿನ ಬಂಕಿನಲ್ಲಿ ಮಾರಾಟಕ್ಕೆ ಬಂತು. ಅದನ್ನು ತಯಾರಿಸುವ ಕಾರ್ಖಾನೆಗಳಲ್ಲಿ ಕೆಲಸಗಾರರು ಸೀಸದ ವಿಷಕ್ಕೆ ಸತ್ತರೂ ವ್ಯಾಪಾರ ನಿಲ್ಲಲಿಲ್ಲ. ಈ ಚರಿತ್ರೆಯ ಅತಿ ಕೊಳಕು ಪುಟ ಇದು. ಪೆಟ್ರೋಲ್ ಎಷ್ಟರಮಟ್ಟಿಗೆ ನಾಕಿಂಗ್ ತಡೆಯುತ್ತದೆ ಎಂಬುದನ್ನು ಅಳೆಯುವ ಆಕ್ಟೇನ್ ಮಾಪನವೂ 1920ರ ದಶಕದ್ದೇ. ಮುಂದೆ ಕೆಲವು ಡಿಸ್ಟ್ರಿಬ್ಯೂಟರುಗಳಲ್ಲಿ, ಬಂಕಿನಲ್ಲಿ ಸಿಕ್ಕಿದ ಪೆಟ್ರೋಲಿಗೆ ತಕ್ಕಂತೆ ಟೈಮಿಂಗ್ ಸರಿಪಡಿಸಲೆಂದೇ ಅಂಕಿ ಕೊರೆದ ಸಣ್ಣ ಪಟ್ಟಿ ಬಂತು.

ಇಂಧನ ಬದಲಾದರೆ ಟೈಮಿಂಗೂ ಬದಲಾಗಬೇಕೆಂಬುದು ಕನ್ನಡ ನಾಡಿನ ಮೆಕ್ಯಾನಿಕ್ಕುಗಳಿಗೆ ಗಟ್ಟಿಯಾಗಿ ತಿಳಿದದ್ದು ಎರಡನೆಯ ಮಹಾಯುದ್ಧದಲ್ಲಿ. ಪೆಟ್ರೋಲಿಗೆ ರೇಷನ್ ಬಂದು ಬಸ್ಸುಗಳ ಹಿಂಬದಿಗೆ ಇದ್ದಿಲ ಒಲೆ ಕಟ್ಟಿದರು. ಪೆಟ್ರೋಲಿಗೆಂದು ಮಾಡಿದ ಎಂಜಿನ್ನಿಗೆ ಇದ್ದಿಲ ಅನಿಲ ಕುಡಿಸಿದರೆ ಅದು ನಿಧಾನವಾಗಿ ಉರಿಯುತ್ತದೆ. ಕಿಡಿಯನ್ನು ಬಹಳ ಅಡ್ವಾನ್ಸ್ ಮಾಡದಿದ್ದರೆ ಮೊದಲೇ ಕುಂದಿದ ಶಕ್ತಿ ಇನ್ನೂ ಕುಂದುತ್ತದೆ. ಏರು ಹತ್ತಲೆಂದು ಅದೇ ಟೈಮಿಂಗಿನಲ್ಲಿ ಪೆಟ್ರೋಲಿಗೆ ತಿರುಗಿಸಿದರೆ ಎಂಜಿನ್ ಗೋಲಿ ಅಲ್ಲಾಡಿಸತೊಡಗುತ್ತದೆ.

ಸ್ವಾತಂತ್ರ್ಯದ ನಂತರದ ಗ್ಯಾರೇಜು ಬಹುಪಾಲು ಅಂಬಾಸಿಡರ್, ಫಿಯಟ್, ಜೀಪುಗಳದು. ರಾಬರ್ಟ್ ಬಾಷ್‌ನ ಸಂಸ್ಥೆಯ ಸಹಯೋಗದಲ್ಲಿ 1951ರಲ್ಲಿ ಹುಟ್ಟಿದ ಬೆಂಗಳೂರಿನ ಮೈಕೋ ಕಂಪನಿಯ ಪ್ಲಗ್ಗು, 1961ರಲ್ಲಿ ಮದರಾಸಿನಲ್ಲಿ ಹುಟ್ಟಿದ ಲ್ಯೂಕಸ್-ಟಿವಿಎಸ್‌ನ ವಿದ್ಯುತ್ ಸಾಮಾನು ಸೇರಿದರೆ ಕಿಡಿಯ ಸರಂಜಾಮಿಗೆ ದೂರ ಹೋಗಬೇಕಿರಲಿಲ್ಲ. 1959ರ ಬಳಿಕ ಅಂಬಾಸಿಡರಿಗೆ ಬಂದ 1,489 ಸಿಸಿಯ ಎಂಜಿನ್ ಬ್ರಿಟನ್ನಿನ ಬಿಎಂಸಿ ಮನೆತನದ್ದು. ಅದರ ಟೈಮಿಂಗ್ ಕಟ್ಟುವ ವಿಧಾನವೇ ಆ ಕಾಲದ ಹೆಚ್ಚಿನ ಕಾರುಗಳಿಗೂ ಮಾದರಿ.

ಮೊದಲು ಪಾಯಿಂಟು. ಕ್ಯಾಮಿನ ಉಬ್ಬು ಪಾಯಿಂಟನ್ನು ಪೂರ್ತಿ ತೆರೆದಾಗ ನಡುವೆ 0.35ರಿಂದ 0.40 ಮಿಲಿಮೀಟರ್ ಸಂದು ಇರಬೇಕು. ಫೀಲರ್ ಗೇಜಿನ ಅಲಗು ಸಡಿಲವೂ ಅಲ್ಲದೆ ಬಿಗಿಯೂ ಅಲ್ಲದೆ ಜಾರಬೇಕು. ಸಂದು ಹಿಗ್ಗಿದರೆ ಪಾಯಿಂಟು ಬೇಗ ತೆರೆದು ಕಿಡಿ ಮುಂದಾಗುತ್ತದೆ, ಕುಗ್ಗಿದರೆ ಹಿಂದಾಗುತ್ತದೆ. ಹಾಗಾಗಿ ಟೈಮಿಂಗ್ ಕಟ್ಟಿ ಆಮೇಲೆ ಪಾಯಿಂಟು ಮುಟ್ಟಿದವನ ಶ್ರಮವೆಲ್ಲ ನೀರುಪಾಲು. ನಂತರ ಒಂದನೇ ಸಿಲಿಂಡರಿನ ಪ್ಲಗ್ ಬಿಚ್ಚಿ, ತೂತಿಗೆ ಹೆಬ್ಬೆರಳು ಒತ್ತಿ, ಹ್ಯಾಂಡಲ್ಲಿನಿಂದ ಎಂಜಿನ್ ತಿರುಗಿಸಬೇಕು. ಗಾಳಿ ಹೆಬ್ಬೆರಳನ್ನು ಪುಸ್ಸೆಂದು ಎತ್ತಿದರೆ ಪಿಸ್ಟನ್ ಕಂಪ್ರೆಷನ್ನಿನ ಟಾಪಿಗೆ, ಅಂದರೆ ಮೇಲ್ತುದಿಗೆ ಬರುತ್ತಿದೆ ಎಂದರ್ಥ. ನಾಲ್ಕು ಸ್ಟ್ರೋಕಿನಲ್ಲಿ ಪಿಸ್ಟನ್ ಟಾಪಿಗೆ ಬರುವುದು ಎರಡು ಸಲ. ಎಕ್ಸಾಸ್ಟಿನ ಟಾಪನ್ನು ಹಿಡಿದು ವೈರು ಜೋಡಿಸಿದರೆ ಕಾರ್ಬ್ಯುರೇಟರ್ ಢಬ್ಬೆಂದು ಉತ್ತರ ಕೊಡುತ್ತದೆ. ಕ್ರ್ಯಾಂಕಿನ ಪುಲ್ಲಿಯಲ್ಲಿ ಒಂದು ಕಚ್ಚು, ಚೈನ್ ಕವರಿನ ಮೇಲೆ ಮೂರು ಮೊನೆಗಳಿವೆ. ಉದ್ದನೆಯದು ಟಾಪು, ಉಳಿದೆರಡು ಅದಕ್ಕಿಂತ 5 ಮತ್ತು 10 ಡಿಗ್ರಿ ಮುಂಚಿನವು. ಪುಸ್ತಕ ಹೇಳಿದ ಡಿಗ್ರಿಗೆ ಕಚ್ಚು ತಂದು ನಿಲ್ಲಿಸಬೇಕು.

ಇನ್ನು ಪಾಯಿಂಟು ತೆರೆಯುವ ಕ್ಷಣ ಹಿಡಿಯುವುದು. ಡಿಸ್ಟ್ರಿಬ್ಯೂಟರಿನ ಸಣ್ಣ ವೈರಿಗೂ ಬಾಡಿಗೂ ನಡುವೆ 12 ವೋಲ್ಟಿನ ಬಲ್ಬು ಸಿಕ್ಕಿಸಿ ಕೀ ಹಾಕಿದರೆ, ಪಾಯಿಂಟು ಮುಚ್ಚಿದ್ದಾಗ ಬಲ್ಬು ಆರಿರುತ್ತದೆ, ತೆರೆದೊಡನೆ ಹತ್ತುತ್ತದೆ. ಡಬ್ಬಿಯ ಕ್ಲ್ಯಾಂಪ್ ಸಡಿಲಿಸಿ, ರೋಟರ್ ತಿರುಗುವ ದಿಕ್ಕಿಗೆ ಎದುರಾಗಿ ಮೆಲ್ಲಗೆ ತಿರುಗಿಸುತ್ತ ಬಲ್ಬು ಹತ್ತಿದಲ್ಲೇ ಬಿಗಿಯಬೇಕು. ಬಲ್ಬಿಲ್ಲದವರು ಪಾಯಿಂಟಿನ ನಡುವೆ ಸಿಗರೇಟಿನ ತೆಳು ಕಾಗದ ಸಿಕ್ಕಿಸಿ ಹಗುರಾಗಿ ಎಳೆದು ಹಿಡಿಯುತ್ತಿದ್ದರು. ಕಾಗದ ಕೈಗೆ ಬಂದ ಗಳಿಗೆಯೇ ಕಿಡಿಯ ಗಳಿಗೆ. ಲ್ಯೂಕಸ್ ಡಬ್ಬಿಗಳಲ್ಲಿ ಕೊನೆಯ ಕೂದಲೆಳೆಯ ತಿದ್ದುಪಡಿಗೆಂದು ಹಲ್ಲು ಕೊರೆದ ಪುಟ್ಟ ನಟ್ಟೊಂದು ಇರುತ್ತಿತ್ತು. ಸುಮಾರು 11 ಕ್ಲಿಕ್ಕಿಗೆ 1 ಡಿಗ್ರಿ.

ಓಡುವ ಎಂಜಿನ್ನಿನಲ್ಲೇ ನೋಡಬೇಕೆಂದರೆ ಟೈಮಿಂಗ್ ಲೈಟು. ಒಂದನೇ ಪ್ಲಗ್ಗಿನ ಕಿಡಿಗೆ ಸರಿಯಾಗಿ ಮಿಂಚುವ ಆ ಬೆಳಕಿನಲ್ಲಿ ತಿರುಗುವ ಪುಲ್ಲಿ ನಿಂತಂತೆ ಕಾಣುತ್ತದೆ. ಕಚ್ಚಿಗೆ ಸೀಮೆಸುಣ್ಣ ಬಳಿದಿದ್ದರೆ ಅದು ಯಾವ ಮೊನೆಯ ಎದುರಿದೆ ಎಂಬುದು ಸ್ಪಷ್ಟ. ಆಕ್ಸಿಲರೇಟರ್ ಒತ್ತಿದಾಗ ಬಿಳಿ ಗೆರೆ ಮುಂದೆ ಸರಿಯದಿದ್ದರೆ ಒಳಗಿನ ತೂಕದ ತುಂಡುಗಳು ಜಂಗು ಹಿಡಿದಿವೆ ಎಂದರ್ಥ. ಹಳೆಯ ನಿಯಾನ್ ಲೈಟಿನ ಕೆಂಪು ಮಿಣುಕು ನೆರಳಿನಲ್ಲಷ್ಟೇ ಕಾಣುತ್ತಿತ್ತು. ಹಗಲಲ್ಲೂ ಕಾಣುವ ಕ್ಸೆನಾನ್ ಲೈಟು ಬಂದದ್ದು ಆಮೇಲೆ.

ಕೊನೆಯ ತೀರ್ಪು ರಸ್ತೆಯದು. ಟಾಪ್ ಗೇರಿನಲ್ಲಿ 50 ಕಿಲೋಮೀಟರ್ ವೇಗದಲ್ಲಿದ್ದಾಗ ಆಕ್ಸಿಲರೇಟರ್ ಪೂರ್ತಿ ತುಳಿದರೆ ಕ್ಷಣಕಾಲ ಸಣ್ಣಗೆ ಟಿಣಿಟಿಣಿ ಎಂದು ಅಡಗಬೇಕು. ಸದ್ದೇ ಬಾರದೆ ಪಿಕಪ್ ಸೋತು ಎಂಜಿನ್ ಬಿಸಿಯಾದರೆ ರಿಟಾರ್ಡ್ ಹೆಚ್ಚಾಗಿದೆ, ಸದ್ದು ನಿಲ್ಲದಿದ್ದರೆ ಅಡ್ವಾನ್ಸ್. ಎಷ್ಟೋ ಮೆಕ್ಯಾನಿಕ್ಕುಗಳು ಲೈಟು, ಬಲ್ಬು ಬಿಟ್ಟು ಈ ಸದ್ದನ್ನೇ ನಂಬಿದರು. ಕಿವಿ ನಾಕಿಂಗನ್ನು ಹಿಡಿಯುತ್ತದೆ ನಿಜ, ಆದರೆ ಎರಡು ಮೂರು ಡಿಗ್ರಿಯ ರಿಟಾರ್ಡ್ ಅದಕ್ಕೆ ಕೇಳುವುದಿಲ್ಲ. ಪೆಟ್ರೋಲ್ ಕುಡಿಯುವ ಎಷ್ಟೋ ಕಾರುಗಳ ಕಾಯಿಲೆ ಅಲ್ಲಿತ್ತು.

ಗ್ಯಾರೇಜಿನ ಕೈಯಿಂದಲೂ ಈ ಕೆಲಸ ಜಾರತೊಡಗಿದ್ದು 1970ರ ದಶಕದಲ್ಲಿ. ಅಮೆರಿಕದ ಕ್ರೈಸ್ಲರ್ ಕಾರುಗಳಲ್ಲಿ 1973ರ ಹೊತ್ತಿಗೆ ಪಾಯಿಂಟಿನ ಜಾಗಕ್ಕೆ ಎಲೆಕ್ಟ್ರಾನಿಕ್ ವ್ಯವಸ್ಥೆ ಬಂತು. 1979ರಲ್ಲಿ ಬಾಷ್‌ನ ಮೋಟ್ರಾನಿಕ್ ಕಿಡಿಯನ್ನೂ ಪೆಟ್ರೋಲನ್ನೂ ಒಂದೇ ಚಿಪ್ಪಿನ ಲೆಕ್ಕಕ್ಕೆ ತಂದಿತು. ಎಂಜಿನ್ ಬ್ಲಾಕಿಗೆ ಕಚ್ಚಿಸಿದ ನಾಕ್ ಸೆನ್ಸರ್ ಮೆಕ್ಯಾನಿಕ್ಕಿನ ಕಿವಿಯ ಕೆಲಸ ವಹಿಸಿಕೊಂಡು, ಗೋಲಿಯ ಸದ್ದು ಕೇಳಿದೊಡನೆ ಕಿಡಿಯನ್ನು ಹಿಂದೆ ಸರಿಸತೊಡಗಿತು. ಭಾರತದ ಬಂಕುಗಳಿಂದ ಸೀಸದ ಪೆಟ್ರೋಲ್ 2000ದ ಫೆಬ್ರವರಿಯಲ್ಲಿ ಮರೆಯಾಯಿತು. ಅಂಬಾಸಿಡರ್ ತಯಾರಿಕೆ ನಿಂತದ್ದು 2014ರಲ್ಲಿ. ಉಳಿದಿರುವ ಹಳೆಯ ಕಾರುಗಳ ಕೈಪಿಡಿಯ ಡಿಗ್ರಿಗಳು ಅಂದಿನ ಪೆಟ್ರೋಲಿಗೆ ಬರೆದವು. ಆ ಕಾರುಗಳನ್ನು ಜೋಪಾನ ಮಾಡುವವರು ಆ ಅಂಕಿಯಿಂದ ಶುರುಮಾಡಿ, ರಸ್ತೆಗಿಳಿಸಿ ಸದ್ದು ಕೇಳಿ, ಒಂದೊಂದು ಡಿಗ್ರಿಯಂತೆ ಸರಿಸಿ ಇಂದಿನ ಪೆಟ್ರೋಲಿಗೆ ಹೊಂದಿಸಿಕೊಳ್ಳುತ್ತಾರೆ.