ಎತ್ತರಿಸಿದ ಮೆಟ್ರೊ ಮಾರ್ಗದಲ್ಲಿ ಹಳಿ ಮತ್ತು ತೊಲೆ: ಅರೇಖೀಯ ವಿಶ್ಲೇಷಣೆಯ ಸುತ್ತುಗಳು

ನಮ್ಮ ಮೆಟ್ರೊದ ಮೈಸೂರು ರಸ್ತೆ–ಮಾಗಡಿ ರಸ್ತೆ ಭಾಗ 2015ರ ನವೆಂಬರ್ 16ರಂದು ಆರಂಭವಾಯಿತು. ಅತ್ತಿಗುಪ್ಪೆ ನಿಲ್ದಾಣವಿರುವುದು ಈ ಎತ್ತರಿಸಿದ ಮಾರ್ಗದಲ್ಲೇ. ಇಂಥ ಮಾರ್ಗಗಳಲ್ಲಿ ತೊಲೆಗಳ ನಡುವೆ ಸಂದುಗಳಿರುತ್ತವೆ. ಬೆಸೆದ ಹಳಿ ಮಾತ್ರ ಅವುಗಳ ಮೇಲೆ ಅಖಂಡವಾಗಿ ಹಾಯುತ್ತದೆ. ಬಿಸಿಲಿಗೆ ತೊಲೆ ಹಿಗ್ಗಿದಾಗಲೂ ರೈಲು ಬ್ರೇಕ್ ಹಾಕಿದಾಗಲೂ ಹಳಿ ಮತ್ತು ತೊಲೆಯ ನಡುವೆ ಜಗ್ಗಾಟ ಹುಟ್ಟುತ್ತದೆ. ಈ ಎರಡು ಪರಿಣಾಮಗಳನ್ನು ಬಿಡಿಬಿಡಿಯಾಗಿ ಲೆಕ್ಕಹಾಕಿ ಕೂಡಿಸಬಹುದೇ?

ವಿಧಾನ

ಹಳಿಯ ಹಿಡಿತ ಒಂದು ಮಿತಿಯವರೆಗೆ ಸ್ಪ್ರಿಂಗ್‌ನಂತೆ ವರ್ತಿಸಿ, ಆಮೇಲೆ ಜಾರುತ್ತದೆ. ಅಂತರರಾಷ್ಟ್ರೀಯ ರೈಲ್ವೆ ಒಕ್ಕೂಟದ 774-3 ಸಂಹಿತೆಯಂತೆ ಜಲ್ಲಿಯಿಲ್ಲದ ಹಳಿಗೆ ಈ ಮಿತಿ 0.5 ಮಿಮೀ, ಪ್ರತಿರೋಧ ಮೀಟರಿಗೆ ರೈಲಿಲ್ಲದಾಗ 40, ರೈಲಿದ್ದಾಗ 60 ಕಿಲೋನ್ಯೂಟನ್. ಹೀಗೆ ಸ್ಟಿಫ್‌ನೆಸ್ ಚಲನೆಯನ್ನು ಅವಲಂಬಿಸಿರುವುದರಿಂದ ಸಮೀಕರಣವನ್ನು ಒಂದೇ ಸಲಕ್ಕೆ ಬಿಡಿಸಲಾಗದು.

ಒಂದು ಮೀಟರ್ ಹಳಿಯ ಕಾಲ್ಪನಿಕ ಉದಾಹರಣೆ: ಹಿಡಿತದ ಮಿತಿ 40 ಕಿಲೋನ್ಯೂಟನ್, ಉಳಿದ ರಚನೆಯ ಸ್ಟಿಫ್‌ನೆಸ್ ಮಿಮೀಗೆ 20, ಹೊರೆ 70. ಆರಂಭದ ಒಟ್ಟು ಸ್ಟಿಫ್‌ನೆಸ್ (40÷0.5)+20, ಅಂದರೆ 100. ಮೊದಲ ಸುತ್ತಿನ ಚಲನೆ 0.7 ಮಿಮೀ. ಆದರೆ ಅಲ್ಲಿ ರಚನೆ ಒಡ್ಡುವುದು 40+14, ಅಂದರೆ 54 ಮಾತ್ರ. ಉಳಿಕೆ ಬಲ 16. ನ್ಯೂಟನ್–ರಾಫ್ಸನ್ ವಿಧಾನ ಸ್ಟಿಫ್‌ನೆಸ್ಸನ್ನು ಈಗಿನ ಬೆಲೆಯಾದ 20ಕ್ಕೆ ಬದಲಿಸಿ 0.8 ಮಿಮೀ ಸೇರಿಸುತ್ತದೆ. 1.5 ಮಿಮೀನಲ್ಲಿ ಉಳಿಕೆ ಸೊನ್ನೆ. ಆರಂಭದ ಸ್ಟಿಫ್‌ನೆಸ್ಸನ್ನೇ ಹಿಡಿದುಕೊಂಡರೆ ಉಳಿಕೆ ಸುತ್ತಿಗೆ ಐದನೇ ಒಂದು ಪಾಲಷ್ಟೇ ಕುಗ್ಗುತ್ತದೆ, ಹೊರೆಯ ಶೇ. 1ಕ್ಕಿಂತ ಕೆಳಗಿಳಿಯಲು ಇನ್ನೂ 15 ಸುತ್ತು ಬೇಕು. ಪ್ರತಿ ಸುತ್ತು ಅಗ್ಗ, ಸುತ್ತುಗಳು ಹೆಚ್ಚು.

ಚರ್ಚೆ

ಇದೇ 70ನ್ನು ತಾಪಕ್ಕೆ 35, ಬ್ರೇಕಿಗೆ 35 ಸಮಾನ ಬಲವೆಂದು ಹಂಚಿ, ಬಿಡಿಯಾಗಿ ಬಿಡಿಸಿದರೆ ಎರಡರಲ್ಲೂ ಹಿಡಿತ ಜಾರುವುದಿಲ್ಲ. ಚಲನೆಗಳ ಮೊತ್ತ 0.7 ಮಿಮೀ, ಹಿಡಿತದ ಬಲಗಳ ಮೊತ್ತ 56. ನಿಜವಾದ ಉತ್ತರ 1.5 ಮತ್ತು 40. ಬಲದ ದೃಷ್ಟಿಯಿಂದ ಸುರಕ್ಷಿತವೆನಿಸುವ ಲೆಕ್ಕವೇ ಚಲನೆಯನ್ನು ಅರ್ಧಕ್ಕಿಂತ ಕಡಿಮೆ ತೋರಿಸಿತು.

ಉಳಿಕೆ ಸೊನ್ನೆಯಾದ ಮಾತ್ರಕ್ಕೆ ಉತ್ತರ ಸರಿಯೆನ್ನಲಾಗದು: ಬಿಡಿ ಲೆಕ್ಕಗಳೆರಡೂ ಒಂದೇ ಸುತ್ತಿನಲ್ಲಿ ಸಮತೋಲ ತಲುಪಿದ್ದವು.

ತೀರ್ಮಾನ

ಮೊದಲು ತಾಪದ ಹೊರೆಯನ್ನು ಹಂತಹಂತವಾಗಿ ಏರಿಸಿ, ಹಿಡಿತ ಎಲ್ಲೆಲ್ಲಿ ಜಾರಿದೆಯೆಂಬುದನ್ನು ಉಳಿಸಿಕೊಂಡು, ಆ ಸ್ಥಿತಿಯ ಮೇಲೆಯೇ ರೈಲನ್ನು ತರಬೇಕು. ಅತ್ತಿಗುಪ್ಪೆಯ ಮೂಲಕ ಹಾಯುವ ನೇರಳೆ ಮಾರ್ಗದ ರೈಲು ಮೂರು ಬೋಗಿಯಿಂದ ಆರಕ್ಕೆ ಬೆಳೆದಿದೆ. ಇಂಥ ಬದಲಾವಣೆಯನ್ನು ಪರಿಶೀಲಿಸುವಾಗ ಹಳೆಯ ಉತ್ತರವನ್ನು ಎರಡರಿಂದ ಗುಣಿಸುವಂತಿಲ್ಲ: ಮೇಲಿನ ಉದಾಹರಣೆಯಲ್ಲಿ ಹೊರೆ 35ರಿಂದ 70ಕ್ಕೆ ಇಮ್ಮಡಿಯಾದಾಗ ಚಲನೆ ನಾಲ್ಕು ಪಟ್ಟು ಮೀರಿತು.