ಗುಂಡು ಗುರಿಯನ್ನು ತಪ್ಪುವುದೇಕೆ?

ಅಕ್ಕಸಾಲಿಗನು ತಕ್ಕಡಿಯ ಒಂದು ತಟ್ಟೆಯಲ್ಲಿ ಗುಲಗಂಜಿಯನ್ನಿಟ್ಟು ಚಿನ್ನವನ್ನು ತೂಗುವುದನ್ನು ನಮ್ಮಲ್ಲಿ ಅನೇಕರು ಬಲ್ಲರು. ಆ ಗುಲಗಂಜಿಯ ಸುಮಾರು ಅರ್ಧ ತೂಕಕ್ಕೆ ಇಂಗ್ಲಿಷರ ಲೆಕ್ಕದಲ್ಲಿ ಗ್ರೇನು ಎಂದು ಹೆಸರು. ಅಂತಹ 7000 ಗ್ರೇನುಗಳು ಕೂಡಿದರೆ ಒಂದು ಪೌಂಡಾಗುವುದು. ಕೋವಿಯ ತೋಟಾಗಳನ್ನು ತಾವೇ ತುಂಬಿಕೊಳ್ಳುವ ಹವ್ಯಾಸಿಗಳು ಮದ್ದನ್ನು ತೂಗುವುದು ಈ ಗ್ರೇನಿನ ಹತ್ತನೆಯ ಒಂದು ಪಾಲಿನ ಎಚ್ಚರದಿಂದ. ಕೋವಿಯೆಂದೊಡನೆ ಬೇಟೆಯನ್ನೂ ಯುದ್ಧವನ್ನೂ ನೆನೆಯುವ ನಮಗೆ, ಅದನ್ನು ಹಿಡಿದು ಕಾಗದದ ಮೇಲಣ ಒಂದು ಚುಕ್ಕೆಯನ್ನು ಮಾತ್ರ ಅರಸಿದ ಜನರೂ ಉಂಟೆಂಬುದು ವಿಚಿತ್ರವಾಗಿ ತೋರಬಹುದು. ಅಂತಹವರಲ್ಲಿ ಅಮೆರಿಕದ ಒಬ್ಬ ವೈದ್ಯನ ವೃತ್ತಾಂತವು ತಿಳಿಯತಕ್ಕುದಾಗಿದೆ.

ತೋಟಾ ಎಂಬುದು ನಾಲ್ಕು ಅಂಗಗಳ ಕೂಟ: ಹಿತ್ತಾಳೆಯ ಕೊಳವೆ, ಅದರ ಬುಡದಲ್ಲಿ ಕಿಡಿಯನ್ನು ಹುಟ್ಟಿಸುವ ಕೇಪು, ಒಳಗೆ ಮದ್ದು, ಬಾಯಲ್ಲಿ ಗುಂಡು. ಹಾರಿಸಿದ ಮೇಲೆ ಉಳಿದುವೆಲ್ಲ ವ್ಯಯವಾಗಿ ಕೊಳವೆಯೊಂದು ನಿಲ್ಲುವುದು. ಅದನ್ನು ಮರಳಿ ತುಂಬುವ ಪದ್ಧತಿಯು 19ನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದಲ್ಲಿ ಹರಡಿತು. ಪೇಟೆಯಿಂದ ದೂರವಿದ್ದವರಿಗೆ ಅದು ಮಿತವ್ಯಯದ ಮಾರ್ಗ. ಆದರೆ ಜರ್ಮನಿಯಿಂದ ಬಂದು ನೆಲೆಸಿದವರು ಕಟ್ಟಿಕೊಂಡ ಗುರಿಕಾರರ ಸಂಘಗಳಲ್ಲಿ ಅದೇ ಒಂದು ಸೂಕ್ಷ್ಮವಾದ ಕಲೆಯಾಯಿತು. 200 ಗಜ ದೂರದ ಗುರಿಯನ್ನು ನಿಂತುಕೊಂಡೇ ಹೊಡೆಯುವ ಆ ಪಂದ್ಯಗಳಲ್ಲಿ ಒಂದೇ ಕೊಳವೆಯನ್ನು ಮತ್ತೆ ಮತ್ತೆ ತುಂಬುತ್ತಿದ್ದುದುಂಟು. ಕೊಳವೆ ಬದಲಾದರೆ ಫಲವೂ ಬದಲಾದೀತೆಂಬ ಶಂಕೆ. ಸೀಸಕ್ಕೆ ತವರವನ್ನು ಬೆರೆಸಿ ಅಚ್ಚಿನಲ್ಲಿ ಎರೆದು, ಸುಕ್ಕುಬಿದ್ದ ಗುಂಡನ್ನು ಮರಳಿ ಕರಗಿಸುತ್ತಿದ್ದರು.

ಇಷ್ಟು ಜಾಗರೂಕತೆಯಿಂದ ತುಂಬಿದ ಎರಡು ತೋಟಾಗಳ ಗುಂಡುಗಳು ಒಂದೇ ರಂಧ್ರದಲ್ಲಿ ಹೋಗಬೇಕಷ್ಟೆ? ಹೋಗುವುದಿಲ್ಲ. ಏಕೆ ಹೋಗುವುದಿಲ್ಲವೆಂಬ ಪ್ರಶ್ನೆ ಹಳೆಯದು. ಫಿರಂಗಿಶಾಸ್ತ್ರದ ಮೇಲೆ 1742ರಲ್ಲಿ ಹೆಸರಾಂತ ಗ್ರಂಥವೊಂದನ್ನು ಪ್ರಕಟಿಸಿದ ಇಂಗ್ಲೆಂಡಿನ ಗಣಿತಜ್ಞ ಬೆಂಜಮಿನ್ ರಾಬಿನ್ಸನು, ಮುಂದೆ ತೆಳುಗಾಗದದ ತೆರೆಗಳನ್ನು ಸಾಲಾಗಿ ನಿಲ್ಲಿಸಿ ಅವುಗಳ ಮೂಲಕ ಗುಂಡನ್ನು ಹಾಯಿಸಿ, ತಿರುಗುತ್ತ ಹೋಗುವ ಗೋಲಿಯು ಪಕ್ಕಕ್ಕೆ ಬಾಗುವುದನ್ನು ತೋರಿಸಿದನು. ಈತನೇ ಈಸ್ಟ್ ಇಂಡಿಯಾ ಕಂಪೆನಿಯ ಕೋಟೆಗಳನ್ನು ಸರಿಪಡಿಸುವುದಕ್ಕಾಗಿ ನಮ್ಮ ದಕ್ಷಿಣದೇಶಕ್ಕೆ ಬಂದು, 1751ರಲ್ಲಿ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ಕಾಲವಾದನು. ಪ್ರಶ್ನೆ ಮಾತ್ರ ಉಳಿಯಿತು.

ಅದನ್ನು ಕೈಗೆತ್ತಿಕೊಂಡವನು ಫ್ರ್ಯಾಂಕ್ಲಿನ್ ವೆಸ್ಟನ್ ಮ್ಯಾನ್. 1856ರಲ್ಲಿ ಮ್ಯಾಸಚೂಸೆಟ್ಸ್ ಸಂಸ್ಥಾನದಲ್ಲಿ ಹುಟ್ಟಿ ವೈದ್ಯಶಾಸ್ತ್ರವನ್ನು ಓದಿದ ಈತನಿಗೆ, ಕೋಳಿಗಳ ಆಹಾರಕ್ಕಾಗಿ ಹಸಿಮೂಳೆಯನ್ನು ಕತ್ತರಿಸುವ ಯಂತ್ರವೊಂದನ್ನು ನಿರ್ಮಿಸಿದುದರಿಂದ ದ್ರವ್ಯಾನುಕೂಲ ಒದಗಿತು. ಆ ಅನುಕೂಲವನ್ನೂ ತನ್ನ ಬಿಡುವನ್ನೂ ಈ ಒಂದು ಪ್ರಶ್ನೆಗೆ ಮೀಸಲಿಟ್ಟನು.

ಕುಣಿಯಲಾರದವಳು ನೆಲ ಡೊಂಕೆಂದಳಂತೆ ಎಂದು ನಮ್ಮ ಗಾದೆ. ಗುರಿ ತಪ್ಪಿದವನೂ ಗಾಳಿಯನ್ನು ದೂರುವನು, ಮದ್ದನ್ನು ದೂರುವನು. ತನ್ನ ಕೈ ನಡುಗಿತೆಂದು ಒಪ್ಪುವವನು ವಿರಳ. ಮ್ಯಾನನು ಮೊದಲು ಮನುಷ್ಯನ ಕೈಯನ್ನೇ ತೆಗೆದುಹಾಕಿದನು. ನೆಲದಲ್ಲಿ ಅಲುಗದ ಕಾಂಕ್ರೀಟಿನ ಕಟ್ಟೆಯನ್ನು ಕಟ್ಟಿ, ಅದಕ್ಕೆ ಜಿಬ್ರಾಲ್ಟರ್ ಎಂದು ಹೆಸರಿಟ್ಟು, ಅದರ ಮೇಲೆ ನಳಿಗೆಯನ್ನು ತೋಡಿನಲ್ಲಿ ಕೂರಿಸಿ ಹೊಡೆದನು. ಆದರೂ ಗುಂಡುಗಳು ಚದರಿದುವು. ಹಾಗಾದರೆ ದೋಷವು ಗುಂಡಿನಲ್ಲಿಯೋ ನಳಿಗೆಯಲ್ಲಿಯೋ ಮದ್ದಿನಲ್ಲಿಯೋ ಇರಲೇಬೇಕು.

ಇಲ್ಲಿಂದ ಮುಂದೆ ಅವನ ಕ್ರಮವು ವೈದ್ಯನ ಕ್ರಮವೇ ಆಗಿದ್ದಿತು. ರೋಗವನ್ನು ತಿಳಿಯಲು ರೋಗವನ್ನೇ ಬೇಕೆಂದು ಹುಟ್ಟಿಸಿದನು. ಕೆಲವು ಗುಂಡುಗಳ ಮೂತಿಯನ್ನು ಕೆಡಿಸಿದನು. ಕೆಲವುಗಳ ಬುಡವನ್ನು ಓರೆಮಾಡಿದನು. ಕೆಲವುಗಳ ಪಕ್ಕವನ್ನು ಕೊರೆದನು. ಒಂದು ಸಲಕ್ಕೆ ಒಂದೇ ಬದಲಾವಣೆ, ಉಳಿದುದೆಲ್ಲ ಮೊದಲಿನಂತೆಯೇ. ದಾರಿಯುದ್ದಕ್ಕೂ ಕಾಗದದ ತೆರೆಗಳನ್ನು ಕಟ್ಟಿ, ರಂಧ್ರವು ದುಂಡಗಿದ್ದರೆ ಗುಂಡು ನೇರವಾಗಿ ಹೋಯಿತೆಂದೂ ಉದ್ದವಾಗಿದ್ದರೆ ಓಲಾಡುತ್ತ ಹೋಯಿತೆಂದೂ ಓದಿಕೊಂಡನು.

ಕಂಡುಬಂದ ಸಂಗತಿ ಎಲ್ಲರ ಊಹೆಗೂ ವಿರುದ್ಧವಾಗಿದ್ದಿತು. ಗಾಳಿಯನ್ನು ಸೀಳುವ ಮೂತಿಯೇ ಮುಖ್ಯವೆಂದು ಜನರು ಭಾವಿಸಿದ್ದರು. ಆದರೆ ಮೂತಿ ಕೆಟ್ಟರೆ ಹಾನಿ ಅಲ್ಪ. ಬುಡ ಕೆಟ್ಟರೆ ಗುರಿಯೇ ಕೆಟ್ಟಿತು. ಬುಡವು ಓರೆಯಾಗಿದ್ದರೆ ನಳಿಗೆಯ ತುದಿಯನ್ನು ಬಿಡುವ ಕ್ಷಣದಲ್ಲಿ ಮದ್ದಿನ ಆವಿಯು ಒಂದು ಪಕ್ಕದಿಂದ ಮೊದಲು ನುಗ್ಗಿ ಗುಂಡನ್ನು ವಾಲಿಸುವುದು. ತೂಕದ ಕೇಂದ್ರವು ನಡುವಿನಲ್ಲಿಲ್ಲದ ಗುಂಡು, ನಳಿಗೆಯ ಬಂಧನ ತಪ್ಪಿದೊಡನೆ ಬೇರೆ ದಿಕ್ಕನ್ನು ಹಿಡಿಯುವುದು. ಎಂದಮೇಲೆ, ಅಚ್ಚಿನಿಂದ ತೆಗೆದ ಗುಂಡಿನ ಬುಡವನ್ನು ಬೆರಳಿನಿಂದ ಮುಟ್ಟಿ ನೋಡಿ ಬೇರ್ಪಡಿಸುವ ಹವ್ಯಾಸಿಯ ತಾಳ್ಮೆ ಬರಿಯ ಚಪಲವಲ್ಲ, ಶಾಸ್ತ್ರಸಮ್ಮತವಾದುದು.

ಈ ಪ್ರಯೋಗಗಳಿಗೆ ಬೇಕಾದ ನಳಿಗೆಗಳಲ್ಲಿ ಹಲವನ್ನು ಹ್ಯಾರಿ ಪೋಪನು ಮಾಡಿದನು. ಒಳಗಣ ಎಂಟು ಗೀರುಗಳನ್ನು ನಿಧಾನವಾಗಿ ಕೊರೆಯುತ್ತಿದ್ದ ಈ ಕುಶಲಿಯ ಕಾರ್ಯಶಾಲೆಯು 1906ರ ಸಾನ್ ಫ್ರಾನ್ಸಿಸ್ಕೋ ಭೂಕಂಪದಲ್ಲಿ ನಾಶವಾಯಿತು. ಅವನು ಜರ್ಸಿ ಸಿಟಿಯಲ್ಲಿ ಪುನಃ ಮೊದಲಿನಿಂದ ಪ್ರಾರಂಭಿಸಿದನು. ಕೆಲಸವನ್ನು ಬೇಗ ಮುಗಿಸೆಂದು ಅವನನ್ನು ಅವಸರಪಡಿಸುವುದು ಯಾರಿಂದಲೂ ಆಗುತ್ತಿರಲಿಲ್ಲ.

ಮ್ಯಾನನ ಗ್ರಂಥವು 1909ರಲ್ಲಿ ನ್ಯೂಯಾರ್ಕಿನಲ್ಲಿ ಪ್ರಕಟವಾಯಿತು. ಅದರ ಹಿರಿಮೆ ಜಯಗಳ ಪಟ್ಟಿಯಲ್ಲಿಲ್ಲ. ಮುರಿದುಬಿದ್ದ ಊಹೆಗಳನ್ನೂ ವ್ಯರ್ಥವಾದ ದಿನಗಳನ್ನೂ ಅವನು ಮುಚ್ಚಿಡದೆ ಅಚ್ಚುಹಾಕಿಸಿದನು. ಎಲ್ಲ ಗುಂಡುಗಳೂ ಒಂದೇ ರಂಧ್ರದಲ್ಲಿ ಹೋಗುವುದನ್ನು ಅವನು ಕಾಣಲಿಲ್ಲ, 1916ರಲ್ಲಿ ತೀರಿಕೊಂಡನು. ಆಗ ಯೂರೋಪಿನಲ್ಲಿ ಮಹಾಯುದ್ಧವು ನಡೆಯುತ್ತಿದ್ದಿತು. ಕಾರ್ಖಾನೆಗಳು ಲೆಕ್ಕವಿಲ್ಲದಷ್ಟು ತೋಟಾಗಳನ್ನು ಮನುಷ್ಯರ ಮೇಲೆ ಹಾರಿಸುವುದಕ್ಕಾಗಿ ಹೊರಡಿಸುತ್ತಿದ್ದುವು.

ಆದುದರಿಂದ ನಿಖರತೆಯು ತಾನಾಗಿಯೇ ಧರ್ಮವೆಂದು ಹೇಳಲಾಗದು. ಗುರಿ ಯಾವುದೆಂಬುದನ್ನು ತಕ್ಕಡಿಯು ತಿಳಿಸಲಾರದು. ಆದರೆ ತನ್ನ ಕೆಲಸವು ಕೆಟ್ಟಾಗ ಗಾಳಿಯನ್ನು ದೂರದೆ, ಒಂದೊಂದೇ ಕಾರಣವನ್ನು ಕೈಯಲ್ಲಿ ಹಿಡಿದು ಪರೀಕ್ಷಿಸಿ, ಸೋತುದನ್ನು ಸೋತೆನೆಂದು ಬರೆದಿಡುವ ಮನೋಧರ್ಮವು ಆ ಕಾಂಕ್ರೀಟಿನ ಕಟ್ಟೆಯ ಬಳಿಯಲ್ಲಿ ಅನೇಕ ವರ್ಷ ನೆಲೆಸಿದ್ದಿತು. ಕೋವಿಯನ್ನು ಎಂದಿಗೂ ಮುಟ್ಟದವರು ಸಹ ಅದನ್ನು ಅಲ್ಲಿಂದ ಪಡೆದುಕೊಳ್ಳಬಹುದು.