ಜಪಾನಿ ಭಾಷೆ ಕಲಿತವರಿಗೆ ತಂತ್ರಜ್ಞಾನ ಕ್ಷೇತ್ರದ ಹೆದ್ದಾರಿ

ಹೊರನಾಡಿನ ಮಹಾನಗರಗಳಲ್ಲಿ ಬೆಳೆಯುವ ಕನ್ನಡಿಗರ ಮಕ್ಕಳಿಗೆ ಹಲವು ಭಾಷೆಗಳ ಒಡನಾಟ ಹೊಸದಲ್ಲ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ತಮಿಳು, ತೆಲುಗು ಅಥವಾ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್ ಹೀಗೆ ಮೂರು ನಾಲ್ಕು ನುಡಿಗಳು ಬಾಲ್ಯದಲ್ಲೇ ಅವರಿಗೆ ಒಲಿದಿರುತ್ತವೆ. ಇಂಥ ಯುವಜನರಲ್ಲಿ ಜಪಾನಿ ಭಾಷೆಯ ತರಗತಿಗಳಿಗೆ ಸೇರುವವರೂ ಇದ್ದಾರೆ. ಆದರೆ ಸೇರಿದವರಲ್ಲಿ ಅನೇಕರು ಆರಂಭದ ಒಂದೆರಡು ಪರೀಕ್ಷೆಗಳನ್ನು ಮುಗಿಸಿ ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ. ವ್ಯಯಿಸಿದ ಹಣ ಮತ್ತು ಕಾಲ ಎರಡೂ ಅರ್ಧ ಕಟ್ಟಿದ ಸೇತುವೆಯಂತೆ ಉಳಿಯುತ್ತವೆ. ಭಾಷೆಯ ವಿದ್ಯಾರ್ಥಿಗಳು ತಂತ್ರಜ್ಞಾನ ಕ್ಷೇತ್ರದತ್ತ ಏಕೆ ನೋಡಬೇಕು, ಯಾವ ಹಂತದವರೆಗೆ ಕಲಿತರೆ ಕಲಿಕೆ ಫಲ ಕೊಡುತ್ತದೆ, ಜಪಾನಿಗೆ ಹೋಗುವ ಕ್ರಮಬದ್ಧ ಮಾರ್ಗ ಯಾವುದು ಎಂಬುದನ್ನು ವಿದ್ಯಾರ್ಥಿಗಳ ಮತ್ತು ಪೋಷಕರ ಅನುಕೂಲಕ್ಕಾಗಿ ಇಲ್ಲಿ ಸಂಗ್ರಹಿಸಲಾಗಿದೆ.

ಜಪಾನಿನ ಅಗತ್ಯ

ಜಪಾನಿನ ಜನಸಂಖ್ಯೆ 2008ರ ಸುಮಾರಿಗೆ 12.8 ಕೋಟಿಯ ಶಿಖರ ಮುಟ್ಟಿ ಅಲ್ಲಿಂದೀಚೆಗೆ ಇಳಿಮುಖವಾಗಿದೆ. ದುಡಿಯುವ ವಯಸ್ಸಿನವರ ಸಂಖ್ಯೆ ಕುಗ್ಗುತ್ತಿದೆ. ಆ ದೇಶದ ಆರ್ಥಿಕ, ವ್ಯಾಪಾರ ಮತ್ತು ಕೈಗಾರಿಕಾ ಸಚಿವಾಲಯವು 2019ರಲ್ಲಿ ಪ್ರಕಟಿಸಿದ ಅಂದಾಜಿನಂತೆ, 2030ರ ವೇಳೆಗೆ ಮಾಹಿತಿ ತಂತ್ರಜ್ಞಾನ ಕ್ಷೇತ್ರದಲ್ಲಿ ಮಧ್ಯಮ ಲೆಕ್ಕದಲ್ಲಿ ಸುಮಾರು 4.5 ಲಕ್ಷ, ಬೇಡಿಕೆ ಹೆಚ್ಚಾದರೆ ಸುಮಾರು 7.9 ಲಕ್ಷ ಮಂದಿಯ ಕೊರತೆ ಉಂಟಾಗಬಹುದು.

ಇದೇ ಸಚಿವಾಲಯ 2018ರಲ್ಲಿ ಮತ್ತೊಂದು ಎಚ್ಚರಿಕೆ ನೀಡಿತ್ತು. ಜಪಾನಿನ ಅನೇಕ ಸಂಸ್ಥೆಗಳು ದಶಕಗಳ ಹಿಂದೆ ಕಟ್ಟಿದ ಗಣಕ ವ್ಯವಸ್ಥೆಗಳನ್ನೇ ನೆಚ್ಚಿಕೊಂಡಿವೆ. ಅವುಗಳನ್ನು ಬಲ್ಲವರು ನಿವೃತ್ತರಾಗುತ್ತಿದ್ದಾರೆ. ಅವುಗಳನ್ನು ಬದಲಾಯಿಸದಿದ್ದರೆ 2025ರ ನಂತರ ವರ್ಷಕ್ಕೆ 12 ಲಕ್ಷ ಕೋಟಿ ಯೆನ್‌ವರೆಗೆ ಆರ್ಥಿಕ ನಷ್ಟವಾಗಬಹುದು ಎಂಬುದು ಆ ವರದಿಯ ಸಾರ. ಭಾಷೆಯ ವಿದ್ಯಾರ್ಥಿಗಳು ಇಲ್ಲೊಂದು ಅಂಶವನ್ನು ಗಮನಿಸಬೇಕು. ಆ ಹಳೆಯ ವ್ಯವಸ್ಥೆಗಳ ವಿವರಣೆ, ನಿಯಮ, ತಿದ್ದುಪಡಿಗಳ ದಾಖಲೆಗಳೆಲ್ಲ ಜಪಾನಿ ಭಾಷೆಯಲ್ಲಿವೆ. ಪ್ರೋಗ್ರಾಂ ಬರೆಯಬಲ್ಲವನಿಗೆ ಆ ದಾಖಲೆ ಓದಲು ಬಾರದು, ದಾಖಲೆ ಓದಬಲ್ಲವನಿಗೆ ಪ್ರೋಗ್ರಾಂ ತಿಳಿಯದು. ಎರಡನ್ನೂ ಬಲ್ಲವರಿಗೆ ಬೆಲೆ ಬರುವುದು ಈ ಅಂತರದಿಂದಲೇ.

ಇಂಗ್ಲಿಷಿನಲ್ಲೇ ಕೆಲಸ ನಡೆಯುವ ಕಂಪನಿಗಳು ಜಪಾನಿನಲ್ಲಿ ಇಲ್ಲವೆಂದಲ್ಲ. ರಾಕುತೆನ್ ಸಂಸ್ಥೆ 2012ರಲ್ಲಿ ಇಂಗ್ಲಿಷನ್ನು ತನ್ನ ವ್ಯವಹಾರ ಭಾಷೆಯಾಗಿ ಅಂಗೀಕರಿಸಿತು. ಆದರೆ ಬ್ಯಾಂಕು, ವಿಮೆ, ಕಾರ್ಖಾನೆ ಮತ್ತು ಸರಕಾರಿ ವ್ಯವಸ್ಥೆಗಳ ಕೆಲಸ ಬಹುಮಟ್ಟಿಗೆ ಜಪಾನಿ ಭಾಷೆಯಲ್ಲೇ ಸಾಗುತ್ತದೆ.

ಕನ್ನಡಿಗರಿಗೆ ಈ ಭಾಷೆ ಎಷ್ಟು ದೂರ?

ಜಪಾನಿ ಮತ್ತು ಕನ್ನಡ ಒಂದೇ ಭಾಷಾಕುಟುಂಬಕ್ಕೆ ಸೇರಿದವಲ್ಲ. ಜಪಾನಿ ಮತ್ತು ತಮಿಳಿನ ನಡುವೆ ಸಂಬಂಧವಿದೆಯೆಂದು ವಿದ್ವಾಂಸ ಸುಸುಮು ಓನೊ ವಾದಿಸಿದ್ದರಾದರೂ ಬಹುತೇಕ ಭಾಷಾವಿಜ್ಞಾನಿಗಳು ಅದನ್ನು ಒಪ್ಪಿಲ್ಲ. ಆದರೆ ವಾಕ್ಯರಚನೆಯ ಹೋಲಿಕೆ ಮಾತ್ರ ಕಣ್ಣಿಗೆ ಕಾಣುವಂಥದ್ದು. ಎರಡರಲ್ಲೂ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಇಂಗ್ಲಿಷಿನಲ್ಲಿ ನಾಮಪದದ ಮುಂದೆ ನಿಲ್ಲುವ ಪದಗಳ ಕೆಲಸವನ್ನು ಇಲ್ಲಿ ನಾಮಪದದ ಹಿಂದೆ ಬರುವ ಪ್ರತ್ಯಯಗಳು ಮಾಡುತ್ತವೆ. 'ಟೋಕಿಯೋದಿಂದ ಓಸಾಕಾವರೆಗೆ' ಎಂಬುದು ಜಪಾನಿಯಲ್ಲಿ 'ಟೋಕಿಯೋ ಕರಾ ಓಸಾಕಾ ಮಾದೆ' ಆಗುತ್ತದೆ. ಮನೆಯಿಂದ ಹೊರಡುವಾಗ ನಾವು 'ಹೋಗಿ ಬರುತ್ತೇನೆ' ಎನ್ನುವಂತೆ ಜಪಾನಿನವರು 'ಇತ್ತೆ ಕಿಮಾಸು' ಎನ್ನುತ್ತಾರೆ. ಪದಶಃ ಅರ್ಥವೂ ಅದೇ. 'ತಿಂದು ನೋಡುವುದು' ಎಂಬುದಕ್ಕೆ 'ತಬೆತೆ ಮಿರು' ಎಂದರೆ ಸಾಕು. ಇಂಗ್ಲಿಷ್ ಮಾತೃಭಾಷೆಯವರು ಶ್ರಮಪಟ್ಟು ಕಲಿಯುವ ಈ ರೂಪಗಳು ಕನ್ನಡದ ಮಕ್ಕಳಿಗೆ ಸಹಜವಾಗಿ ಹೊಂದುತ್ತವೆ. ಮೇಲಾಗಿ ಜಪಾನಿ ಕ್ರಿಯಾಪದಕ್ಕೆ ಲಿಂಗ, ವಚನ, ಪುರುಷಗಳ ಭೇದವಿಲ್ಲ.

ಅವರ ಅಕ್ಷರಮಾಲೆಯ ಕ್ರಮವೂ ನಮಗೆ ಪರಿಚಿತವೇ. ಅ, ಇ, ಉ, ಎ, ಒ ಎಂಬ ಸ್ವರಗಳ ಬಳಿಕ ಕ, ಸ, ತ, ನ, ಹ, ಮ, ಯ, ರ, ವ ಸಾಲುಗಳು ಬರುತ್ತವೆ. ಬೌದ್ಧ ಭಿಕ್ಷುಗಳ ಸಂಸ್ಕೃತ ಅಧ್ಯಯನದ ಮೂಲಕ ಭಾರತದ ವರ್ಣಮಾಲೆಯ ಕ್ರಮ ಜಪಾನಿಗೆ ತಲುಪಿದ್ದರ ಫಲವಿದು.

ನಿಜವಾದ ಕಷ್ಟ ಬರವಣಿಗೆಯಲ್ಲಿದೆ. ಹಿರಾಗಾನಾ ಮತ್ತು ಕತಾಕಾನಾ ಎಂಬ ಎರಡು ಲಿಪಿಗಳಲ್ಲಿ ತಲಾ 46 ಮೂಲಾಕ್ಷರಗಳಿದ್ದು, ಅವುಗಳನ್ನು ಕೆಲವೇ ವಾರಗಳಲ್ಲಿ ಕಲಿಯಬಹುದು. ಚೀನೀ ಮೂಲದ ಕಾಂಜಿ ಸಂಕೇತಗಳು ಹಾಗಲ್ಲ. ದೈನಂದಿನ ಬಳಕೆಗೆಂದು ಜಪಾನ್ ಸರಕಾರ 2010ರಲ್ಲಿ ಪರಿಷ್ಕರಿಸಿದ ಪಟ್ಟಿಯಲ್ಲಿ 2,136 ಕಾಂಜಿಗಳಿವೆ. ಮಾತು ಬೇಗ ಬರುವ ಕನ್ನಡದ ವಿದ್ಯಾರ್ಥಿ ಹಿಂದೆ ಬೀಳುವುದು ಇಲ್ಲೇ. ಪ್ರತಿದಿನ ತಪ್ಪದೆ ಓದಿ ಬರೆಯುವ ಅಭ್ಯಾಸವೊಂದೇ ಇದಕ್ಕೆ ಉಪಾಯ.

ಪರೀಕ್ಷೆಯ ಮೆಟ್ಟಿಲುಗಳು

ಜಪಾನಿ ಭಾಷಾ ಸಾಮರ್ಥ್ಯ ಪರೀಕ್ಷೆ, ಅಂದರೆ ಜೆ.ಎಲ್.ಪಿ.ಟಿ., 1984ರಲ್ಲಿ ಆರಂಭವಾಯಿತು. 2010ರಿಂದ ಅದು ಐದು ಹಂತಗಳಲ್ಲಿ ನಡೆಯುತ್ತಿದೆ. ಎನ್-5 ಅತ್ಯಂತ ಸುಲಭದ್ದು, ಎನ್-1 ಅತ್ಯಂತ ಕಠಿಣವಾದದ್ದು. ಜುಲೈ ಮತ್ತು ಡಿಸೆಂಬರ್ ತಿಂಗಳುಗಳಲ್ಲಿ ಪರೀಕ್ಷೆ ಇರುತ್ತದೆ. ದೆಹಲಿ, ಮುಂಬಯಿ, ಪುಣೆ, ಚೆನ್ನೈ, ಬೆಂಗಳೂರು ಮುಂತಾದ ನಗರಗಳಲ್ಲಿ ಕೇಂದ್ರಗಳಿವೆ.

ಎನ್-5 ಮತ್ತು ಎನ್-4 ತರಗತಿಯಲ್ಲಿ ಕಲಿಯುವ ಮೂಲ ಭಾಷೆಯನ್ನು ಅಳೆಯುತ್ತವೆ. ಎನ್-2 ಮತ್ತು ಎನ್-1 ನಿತ್ಯಜೀವನದ ವಿಶಾಲ ಬಳಕೆಯನ್ನು ಅಳೆಯುತ್ತವೆ. ಎನ್-3 ಇವೆರಡರ ನಡುವಿನ ಕೊಂಡಿ. ಎನ್-2ರಲ್ಲಿ ತೇರ್ಗಡೆಯಾಗಲು ಒಟ್ಟು 180 ಅಂಕಗಳಲ್ಲಿ 90 ಬೇಕು, ಜೊತೆಗೆ ತಲಾ 60 ಅಂಕಗಳ ಮೂರೂ ವಿಭಾಗಗಳಲ್ಲಿ ಕನಿಷ್ಠ 19 ಬರಬೇಕು. ಜಪಾನಿ ಗ್ರಾಹಕರೊಡನೆ ನೇರವಾಗಿ ವ್ಯವಹರಿಸುವ ಹುದ್ದೆಗಳಿಗೆ ಸಾಮಾನ್ಯವಾಗಿ ಕೇಳುವುದು ಎನ್-2. ಅದಕ್ಕಿಂತ ಕೆಳಗೆ ನಿಂತವರಿಗೆ ಭಾಷೆ ಹವ್ಯಾಸವಾಗಿ ಉಳಿಯುತ್ತದೆಯೇ ಹೊರತು ವೃತ್ತಿಯ ಬಂಡವಾಳವಾಗುವುದು ವಿರಳ.

ಇನ್ನೊಂದು ಮಿತಿಯನ್ನೂ ತಿಳಿದಿರಬೇಕು. ಈ ಪರೀಕ್ಷೆಯಲ್ಲಿ ಉತ್ತರಗಳನ್ನು ಆಯ್ಕೆ ಮಾಡಿ ಗುರುತಿಸುವುದಷ್ಟೇ ಇದೆ. ಮಾತನಾಡುವ ಅಥವಾ ಬರೆಯುವ ಪರೀಕ್ಷೆಯಿಲ್ಲ. ಪ್ರಮಾಣಪತ್ರ ಕೈಯಲ್ಲಿದ್ದೂ ಸಂದರ್ಶನದಲ್ಲಿ ತಡವರಿಸುವವರು ಇರುವುದಕ್ಕೆ ಇದೇ ಕಾರಣ. ಮಾತನಾಡುವ ಅಭ್ಯಾಸವನ್ನು ಮೊದಲ ದಿನದಿಂದಲೇ ಪ್ರತ್ಯೇಕವಾಗಿ ಬೆಳೆಸಿಕೊಳ್ಳಬೇಕು.

ಭಾಷೆಯೊಂದೇ ಸಾಲದು

ಕೆಲವು ವರ್ಷಗಳ ಹಿಂದೆ ಭಾಷಾಂತರಕಾರರಿಗೆ ಇದ್ದ ಬೇಡಿಕೆಯ ಸ್ವರೂಪ ಇಂದು ಬದಲಾಗಿದೆ. ಸಾಧಾರಣ ಪತ್ರಗಳ, ಕೈಪಿಡಿಗಳ ಅನುವಾದವನ್ನು ಯಂತ್ರಗಳೇ ಮಾಡಿಕೊಡುತ್ತಿವೆ. ಆದರೆ ಗ್ರಾಹಕ ಹೇಳಿದ ಮಾತಿನ ಹಿಂದಿನ ಉದ್ದೇಶವೇನು, ಅದರಿಂದ ವ್ಯವಸ್ಥೆಯ ಯಾವ ಭಾಗ ಬದಲಾಗಬೇಕು ಎಂಬುದನ್ನು ಗ್ರಹಿಸಿ ಅದರ ಹೊಣೆ ಹೊರಲು ಮನುಷ್ಯರೇ ಬೇಕು. ಜಪಾನಿನ ಉದ್ಯಮದಲ್ಲಿ ಇಂಥವರನ್ನು 'ಬ್ರಿಡ್ಜ್ ಎಸ್.ಇ.', ಅಂದರೆ ಸೇತುವೆಯಾಗಿ ನಿಲ್ಲುವ ಸಿಸ್ಟಮ್ ಎಂಜಿನಿಯರ್, ಎಂದು ಕರೆಯುತ್ತಾರೆ. ಜಪಾನಿನ ಗ್ರಾಹಕ ಒಂದು ತುದಿಯಲ್ಲಿ, ಬೆಂಗಳೂರು ಅಥವಾ ಪುಣೆಯ ತಂಡ ಇನ್ನೊಂದು ತುದಿಯಲ್ಲಿ ಇರುವ ಕೆಲಸಗಳಲ್ಲಿ ಇವರ ಪಾತ್ರ ಮುಖ್ಯವಾದದ್ದು.

ಈ ಕೆಲಸಕ್ಕೆ ಪಠ್ಯಪುಸ್ತಕದಲ್ಲಿ ಸಿಗದ ಪದಸಂಪತ್ತು ಬೇಕು. 'ಯೋಕೆನ್ ತೇಗಿ' ಎಂದರೆ ಗ್ರಾಹಕನ ಅಗತ್ಯಗಳನ್ನು ನಿಗದಿಪಡಿಸುವುದು, 'ಶಿಯೋಶೊ' ಎಂದರೆ ವ್ಯವಸ್ಥೆ ಹೇಗಿರಬೇಕೆಂಬ ವಿವರಣಾ ದಾಖಲೆ, 'ಫುಗುಆಯಿ' ಎಂದರೆ ದೋಷ, 'ನೋಕಿ' ಎಂದರೆ ಒಪ್ಪಿಸಬೇಕಾದ ಗಡುವು. ಪದಗಳಷ್ಟೇ ಮುಖ್ಯ ಅಲ್ಲಿನ ಕಾರ್ಯಪದ್ಧತಿ. ವರದಿ ಮಾಡುವುದು, ತಿಳಿಸುವುದು, ಸಮಾಲೋಚಿಸುವುದು ಎಂಬ ಮೂರನ್ನು ಸೇರಿಸಿ 'ಹೋರೆನ್ಸೋ' ಎನ್ನುತ್ತಾರೆ. ತಪ್ಪು ಕಂಡ ಕೂಡಲೇ ಮೇಲಿನವರಿಗೆ ತಿಳಿಸುವುದು ಅಲ್ಲಿ ಕರ್ತವ್ಯ. ತಾನೇ ಸರಿಪಡಿಸಿ ಆಮೇಲೆ ಹೇಳೋಣವೆಂದು ಮುಚ್ಚಿಡುವುದು ನಂಬಿಕೆಗೆ ಭಂಗ ತರುತ್ತದೆ. ಹಾಗೆಯೇ ಗ್ರಾಹಕರು 'ಕೆಂತೋ ಶಿಮಾಸು', ಅಂದರೆ ಪರಿಶೀಲಿಸುತ್ತೇವೆ, ಎಂದರೆ ಅನೇಕ ವೇಳೆ ಅದು ಸೌಜನ್ಯದ ನಿರಾಕರಣೆ. ಬಹುವಚನದ ಗೌರವರೂಪಗಳಲ್ಲಿ ಬೆಳೆದ ನಮ್ಮವರಿಗೆ ಅಲ್ಲಿನ 'ಕೇಗೊ' ಎಂಬ ಗೌರವಭಾಷೆ ತೀರಾ ಅಪರಿಚಿತವೆನಿಸಲಾರದು.

ವೀಸಾ ಪಡೆಯುವ ಕ್ರಮ

ಸಾಫ್ಟ್‌ವೇರ್ ಉದ್ಯೋಗಕ್ಕೆ ಹೋಗುವವರಿಗೆ ಸಾಮಾನ್ಯವಾಗಿ ದೊರೆಯುವುದು 'ಎಂಜಿನಿಯರ್, ಮಾನವಿಕ ತಜ್ಞ, ಅಂತಾರಾಷ್ಟ್ರೀಯ ಸೇವೆ' ಎಂಬ ವಾಸದ ಅರ್ಹತೆ. ಇದನ್ನು ಮೂರು ತಿಂಗಳು, ಒಂದು, ಮೂರು ಅಥವಾ ಐದು ವರ್ಷಗಳ ಅವಧಿಗೆ ಕೊಡಲಾಗುತ್ತದೆ. ಕೆಲಸಕ್ಕೆ ಸಂಬಂಧಪಟ್ಟ ಪದವಿ ಅಥವಾ ಹತ್ತು ವರ್ಷಗಳ ಅನುಭವ ಇದಕ್ಕೆ ಆಧಾರ. ಅದೇ ಕೆಲಸ ಮಾಡುವ ಜಪಾನಿಯರಿಗೆ ಕೊಡುವಷ್ಟು ಅಥವಾ ಅದಕ್ಕಿಂತ ಹೆಚ್ಚು ಸಂಬಳ ಕೊಡಬೇಕೆಂಬುದೂ ನಿಯಮದಲ್ಲಿದೆ.

ಕಲಾ ವಿಭಾಗದ ಭಾಷಾ ವಿದ್ಯಾರ್ಥಿಗಳಿಗೂ ದಾರಿಗಳಿವೆ. ಪದವೀಧರರು ಭಾಷಾಂತರ ಮತ್ತು ದುಭಾಷಿ ಕೆಲಸಗಳಿಗೆ ಇದೇ ಅರ್ಹತೆಯಡಿ ಹೋಗಬಹುದು. ತಂತ್ರಜ್ಞಾನದ ಕೆಲಸಕ್ಕಾದರೆ, ಜಪಾನ್ ಮಾನ್ಯಮಾಡಿರುವ ಮಾಹಿತಿ ತಂತ್ರಜ್ಞಾನ ಪರೀಕ್ಷೆಗಳಲ್ಲಿ ತೇರ್ಗಡೆಯಾದವರಿಗೆ ಪದವಿಯ ನಿಬಂಧನೆಯಿಂದ ವಿನಾಯಿತಿ ಇದೆ. ಹಿಂದೆ 'ಡೋಯಕ್' ಎಂದು ಕರೆಯಲಾಗುತ್ತಿದ್ದ, ಈಗ 'ನೈಲಿಟ್' ಎಂಬ ಹೆಸರಿನ ಭಾರತೀಯ ಸಂಸ್ಥೆಯ 'ಎ', 'ಬಿ', 'ಸಿ' ಹಂತದ ಪರೀಕ್ಷೆಗಳು ಆ ಪಟ್ಟಿಯಲ್ಲಿವೆ. ಜಪಾನಿ ಬಿ.ಎ. ಓದುತ್ತಿರುವವರು ಜೊತೆಯಲ್ಲೇ ಇಂಥದೊಂದು ತಾಂತ್ರಿಕ ಅರ್ಹತೆ ಗಳಿಸುವುದು ಜಾಣತನ.

ಮೊದಲು ಜಪಾನಿನಲ್ಲಿರುವ ಉದ್ಯೋಗದಾತರು ಅಲ್ಲಿನ ವಲಸೆ ಕಚೇರಿಯಿಂದ ಅರ್ಹತಾ ಪ್ರಮಾಣಪತ್ರ ಪಡೆಯುತ್ತಾರೆ. ಅದನ್ನು ಆಧರಿಸಿ ಭಾರತದಲ್ಲಿ ವೀಸಾಕ್ಕೆ ಅರ್ಜಿ ಸಲ್ಲಿಸಬೇಕು. 2012ರಲ್ಲಿ ಜಾರಿಗೆ ಬಂದ ಉನ್ನತ ಕುಶಲರ ಅಂಕ ಪದ್ಧತಿಯಲ್ಲಿ 70 ಅಂಕ ಗಳಿಸಿದವರಿಗೆ ಹೆಚ್ಚಿನ ಸೌಲಭ್ಯಗಳಿವೆ. ಅದರಲ್ಲಿ ಎನ್-1ಕ್ಕೆ 15, ಎನ್-2ಕ್ಕೆ 10 ಅಂಕಗಳಿವೆ. ವಲಸೆ ನಿಯಮಗಳು ಆಗಾಗ ತಿದ್ದುಪಡಿಯಾಗುವುದರಿಂದ ಅರ್ಜಿಗೆ ಮುನ್ನ ಜಪಾನ್ ರಾಯಭಾರ ಕಚೇರಿಯ ಪ್ರಕಟಣೆಗಳನ್ನು ನೋಡತಕ್ಕದ್ದು.

2021ರ ಜನವರಿಯಲ್ಲಿ ಭಾರತ ಮತ್ತು ಜಪಾನ್ ಸಹಿ ಮಾಡಿದ 'ನಿರ್ದಿಷ್ಟ ಕುಶಲ ಕಾರ್ಮಿಕ' ಒಪ್ಪಂದ ಶುಶ್ರೂಷೆ, ಕೃಷಿ, ನಿರ್ಮಾಣ ಮುಂತಾದ ಕ್ಷೇತ್ರಗಳಿಗೆ ಸಂಬಂಧಿಸಿದ್ದು. ಸಾಫ್ಟ್‌ವೇರ್ ಉದ್ಯೋಗ ಅದರಲ್ಲಿ ಬರುವುದಿಲ್ಲ. ಎರಡನ್ನೂ ಗೊಂದಲ ಮಾಡಿಕೊಳ್ಳಬಾರದು. 2025ರ ಆಗಸ್ಟ್‌ನಲ್ಲಿ ಉಭಯ ದೇಶಗಳು ಪ್ರಕಟಿಸಿದ ಕಾರ್ಯಯೋಜನೆಯಂತೆ ಐದು ವರ್ಷಗಳಲ್ಲಿ ಎರಡೂ ಕಡೆಗಳಿಂದ 5 ಲಕ್ಷ ಜನರ ವಿನಿಮಯದ ಗುರಿಯಿದ್ದು, ಅದರಲ್ಲಿ ಭಾರತದಿಂದ ಜಪಾನಿಗೆ ಹೋಗುವ ಕುಶಲರ ಪಾಲು 50,000.

ಸಂಬಳ ಮತ್ತು ಜೀವನ

ಯೆನ್ ಸಂಬಳವನ್ನು ರೂಪಾಯಿಗೆ ಪರಿವರ್ತಿಸಿ ಹಿಗ್ಗುವುದು ಸರಿಯಲ್ಲ. 2022ರ ಬಳಿಕ ಯೆನ್ ಮೌಲ್ಯ ಗಣನೀಯವಾಗಿ ಕುಸಿದದ್ದನ್ನು ಮರೆಯಬಾರದು. ಸಂಬಳದಿಂದ ಆದಾಯ ತೆರಿಗೆ, ಆರೋಗ್ಯ ವಿಮೆ ಮತ್ತು ಶೇಕಡಾ 9.15ರಷ್ಟು ಪಿಂಚಣಿ ವಂತಿಗೆ ಕಡಿತವಾಗುತ್ತದೆ. ಇದಲ್ಲದೆ ಹಿಂದಿನ ವರ್ಷದ ಆದಾಯದ ಮೇಲೆ ಸುಮಾರು ಶೇಕಡಾ 10ರ ನಿವಾಸಿ ತೆರಿಗೆಯಿದೆ. ಹೊಸದಾಗಿ ಹೋದವರಿಗೆ ಇದು ಎರಡನೆಯ ವರ್ಷದಲ್ಲಿ ಆರಂಭವಾಗುವುದರಿಂದ ಕೈಗೆ ಬರುವ ಸಂಬಳ ಹಠಾತ್ತನೆ ಕಡಿಮೆಯಾದಂತೆ ತೋರುತ್ತದೆ. ಭಾರತ ಮತ್ತು ಜಪಾನ್ ನಡುವಿನ ಸಾಮಾಜಿಕ ಭದ್ರತಾ ಒಪ್ಪಂದ 2016ರ ಅಕ್ಟೋಬರ್ 1ರಿಂದ ಜಾರಿಯಲ್ಲಿದ್ದು, ಭಾರತದ ಕಂಪನಿಯಿಂದ ನಿಯೋಜಿತರಾಗಿ ಹೋಗುವವರು ಎರಡೂ ಕಡೆ ವಂತಿಗೆ ಕಟ್ಟುವುದನ್ನು ತಪ್ಪಿಸುತ್ತದೆ. ಮಿತಿಮೀರಿದ ದುಡಿಮೆಗೆ ಕಡಿವಾಣವಾಗಿ 2019ರಿಂದ ಹೆಚ್ಚುವರಿ ದುಡಿಮೆಯನ್ನು ಸಾಮಾನ್ಯವಾಗಿ ತಿಂಗಳಿಗೆ 45 ಗಂಟೆ, ವರ್ಷಕ್ಕೆ 360 ಗಂಟೆಗೆ ಮಿತಿಗೊಳಿಸಲಾಗಿದೆ.

ಟೋಕಿಯೋದ ಎದೊಗಾವಾ ವಾರ್ಡಿನ ನಿಶಿ-ಕಸಾಯಿ ಪರಿಸರದಲ್ಲಿ 2000ದ ಸುಮಾರಿನಿಂದ ಭಾರತೀಯ ತಂತ್ರಜ್ಞರ ಕುಟುಂಬಗಳು ನೆಲೆಸತೊಡಗಿವೆ. ದಿನಸಿ ಸಾಮಾನು, ಸಸ್ಯಾಹಾರ, ಮಕ್ಕಳ ಶಾಲೆಗಳ ಚಿಂತೆ ಮೊದಲಿನಷ್ಟಿಲ್ಲ.

ಎಚ್ಚರ ವಹಿಸಬೇಕಾದ ಅಂಶಗಳು

ಜಪಾನಿನ ತಂತ್ರಜ್ಞಾನ ಉದ್ಯಮದಲ್ಲಿ ಗುತ್ತಿಗೆ, ಒಳಗುತ್ತಿಗೆಗಳ ಹಲವು ಪದರಗಳಿವೆ. ನೇಮಕಾತಿ ಪತ್ರಕ್ಕೆ ಸಹಿ ಹಾಕುವ ಮುನ್ನ ಹುದ್ದೆ ಕಾಯಂ ನೌಕರಿಯೇ, ನಿರ್ದಿಷ್ಟ ಅವಧಿಯದೇ ಅಥವಾ ಬೇರೆ ಕಂಪನಿಗೆ ಕಳುಹಿಸುವಂಥದ್ದೇ ಎಂದು ಕೇಳಬೇಕು. ಎರಡು ಯೋಜನೆಗಳ ನಡುವಿನ ಬಿಡುವಿನಲ್ಲಿ ಸಂಬಳ ಉಂಟೇ, ಬಾಡಿಗೆ ಮನೆಯ ಮುಂಗಡ ಮತ್ತು ಜಾಮೀನಿನ ಹೊಣೆ ಯಾರದು ಎಂಬುದೂ ಲಿಖಿತವಾಗಿರಬೇಕು. ಅರ್ಹತಾ ಪ್ರಮಾಣಪತ್ರವನ್ನು ಕೊಡುವುದು ಜಪಾನಿನ ವಲಸೆ ಕಚೇರಿಯೇ ಹೊರತು ಯಾವ ಮಧ್ಯವರ್ತಿಯೂ ಅಲ್ಲ. ವೀಸಾ ಖಚಿತವೆಂದು ಭರವಸೆ ಕೊಟ್ಟು ಲಕ್ಷಗಟ್ಟಲೆ ಹಣ ಕೇಳುವವರಿಂದ ಪೋಷಕರು ದೂರವಿರುವುದು ಒಳಿತು.

ಸಿದ್ಧತೆಯ ಕ್ರಮ

ಪದವಿಯ ಮೊದಲ ವರ್ಷದಲ್ಲೇ ಭಾಷೆ ಆರಂಭಿಸಿದರೆ ಒಂದು ಸುಸಂಬದ್ಧ ಕ್ರಮ ಸಾಧ್ಯ. ಮೊದಲ ವರ್ಷ ಎರಡೂ ಲಿಪಿಗಳನ್ನು ಮುಗಿಸಿ ಎನ್-5 ಅಥವಾ ಎನ್-4, ಜೊತೆಗೆ ಒಂದು ಪ್ರೋಗ್ರಾಮಿಂಗ್ ಭಾಷೆ ಮತ್ತು ದತ್ತಾಂಶ ನಿರ್ವಹಣೆಯ ಮೂಲಪಾಠ. ಎರಡನೆಯ ವರ್ಷ ಎನ್-3ರ ಜೊತೆಗೆ ಸಾಫ್ಟ್‌ವೇರ್ ಪರೀಕ್ಷಿಸುವ ಕ್ರಮ, ದಾಖಲೆ ಬರೆಯುವ ಕ್ರಮ. ಮೂರನೆಯ ವರ್ಷ ಹಾಗೂ ಅಗತ್ಯವಿದ್ದರೆ ನಾಲ್ಕನೆಯ ವರ್ಷ ಎನ್-2ಕ್ಕೆ ಮೀಸಲು. ತಾವೇ ಕಟ್ಟಿದ ಒಂದು ಸಣ್ಣ ತಂತ್ರಾಂಶಕ್ಕೆ ಜಪಾನಿ ಭಾಷೆಯಲ್ಲೇ ವಿವರಣಾ ದಾಖಲೆ ಬರೆದು ಸಂದರ್ಶನಕ್ಕೆ ಒಯ್ದರೆ, ಭಾಷೆ ಮತ್ತು ತಂತ್ರಜ್ಞಾನ ಎರಡಕ್ಕೂ ಅದೊಂದೇ ಸಾಕ್ಷಿಯಾಗುತ್ತದೆ.

ವಿದೇಶ ಪ್ರಯಾಣ ತಡವಾದರೂ ಈ ಶ್ರಮ ವ್ಯರ್ಥವಲ್ಲ. ಬೆಂಗಳೂರು, ಪುಣೆ, ಚೆನ್ನೈ ಮತ್ತು ದೆಹಲಿಯ ಸುತ್ತಮುತ್ತ ಜಪಾನಿ ಸಂಸ್ಥೆಗಳ ಕಚೇರಿ, ಕಾರ್ಖಾನೆಗಳಿವೆ. ಅಲ್ಲಿ ಎರಡು ವರ್ಷ ದುಡಿದ ಅನುಭವ ಮುಂದೆ ಟೋಕಿಯೋದ ಸಂದರ್ಶನದಲ್ಲಿ ನೆರವಾಗುತ್ತದೆ. ಎನ್-4ರಲ್ಲಿ ನಿಲ್ಲಿಸಿರುವ ವಿದ್ಯಾರ್ಥಿಗಳು ಮನೆಯಲ್ಲಿದ್ದರೆ, ಹಿರಿಯರು ಅವರಿಗೆ ಇನ್ನೆರಡು ವರ್ಷಗಳ ಅವಕಾಶ ಕೊಡಲಿ. ಅವರ ಮುಂದಿರುವುದು ಕೇವಲ ಎರಡು ಮೆಟ್ಟಿಲು.